ಜೋಡಿ ಅಂತ ಕೊಟ್ಟರು, ಎರಡೂ ಗಂಡು!

ಬೆಂಗಳೂರಿನ ಒಂದು ಮೀನಿನ ಅಂಗಡಿಯಿಂದ ಕಾಕಟೂ ಏಪಿಸ್ಟೋ ಅನ್ನುವ ಸಣ್ಣ ಅಕ್ವೇರಿಯಂ ಮೀನಿನ ಜೋಡಿ ತಂದೆ, 1,200 ರೂಪಾಯಿ. ಅಂಗಡಿ ಹೆಸರು ಬೇಡ, ಮಾಲೀಕರು ಒಳ್ಳೆಯವರೇ. ಮನೆಯಲ್ಲೇ ಮರಿ ಮಾಡಿಸಿ ಮಾರುತ್ತಾರೆ.

ಮೀನು ಮಾತ್ರ ಚೆನ್ನಾಗಿದ್ದವು. ಕೇಳಿದ ತಕ್ಷಣ ಊಟ ಹಾಕಿ ತೋರಿಸಿದರು, ಎರಡೂ ನುಗ್ಗಿ ಬಂದು ತಿಂದವು, ಹೊಟ್ಟೆ ಒಳಕ್ಕೆ ಹೋಗಿರಲಿಲ್ಲ. ಹೊಟ್ಟೆ ಒಳಗೆ ಹೋಗಿರುವ ಮೀನು ಎಷ್ಟೇ ಬಣ್ಣ ಇದ್ದರೂ ತರಬೇಡಿ.

ಇವು ಅಮೆಜಾನ್ ಕಡೆಯ ಮೀನು, ಮೆದು ನೀರು ಬೇಕು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) 600, ಅದಕ್ಕೆ ಆರ್‌ಒ ನೀರು ಬೆರೆಸಿ 150ಕ್ಕೆ ಇಳಿಸಿದೆ. ಎರಡು ಅಡಿ ಟ್ಯಾಂಕು, ತಳಕ್ಕೆ ಸಣ್ಣ ಮರಳು, ಬೀದಿಯಲ್ಲಿ ಆರಿಸಿದ ಕಾಡು ಬಾದಾಮಿಯ ಒಣ ಎಲೆ. ತೆಂಗಿನ ಕರಟ ಕವುಚಿಟ್ಟು ಪಕ್ಕದಲ್ಲಿ ಒಂದು ತೂತು ಮಾಡಿದೆ. ಅಂಗಡಿಯಲ್ಲಿ ಇದೇ ಕರಟಕ್ಕೆ 250 ರೂಪಾಯಿ ಕೇಳುತ್ತಾರೆ, ಸುಮ್ನೆ ದುಡ್ಡು ದಂಡ.

ಎರಡು ತಿಂಗಳು ಕಾದೆ. ಮೊಟ್ಟೆ ಇಲ್ಲ, ಬದಲಿಗೆ 'ಹೆಣ್ಣಿನ' ಬೆನ್ನ ಮೇಲೆ ಗಂಡಿಗೆ ಬರುವ ಜುಟ್ಟು ಎದ್ದಿತು! ದೊಡ್ಡ ಗಂಡಿನ ಕಾಟ ತಪ್ಪಿಸಿಕೊಳ್ಳಲು ಚಿಕ್ಕ ಗಂಡು ಬಣ್ಣ ಮರೆಸಿಕೊಂಡು ಹೆಣ್ಣಿನ ಹಾಗೆ ಇದ್ದುಬಿಡುತ್ತದೆ, ನನಗೂ ಆಗ ಗೊತ್ತಿರಲಿಲ್ಲ. ವಾಪಸ್ ಒಯ್ದೆ. "ಸಣ್ಣದರಲ್ಲಿ ಗೊತ್ತಾಗಲ್ಲ ಸಾರ್" ಅಂತ ಗೊಣಗಿದರೂ ಜಗಳ ಮಾಡದೆ ಬದಲಿಸಿಕೊಟ್ಟರು. ಈ ಸಲ ಟಾರ್ಚ್ ಹಿಡಿದು ನೋಡಿದೆ: ಹೊಟ್ಟೆಯ ಕೆಳಗಿನ ರೆಕ್ಕೆಯ ಮುಂದಿನ ಅಂಚು ಕಪ್ಪಗಿತ್ತು. ಹೆಣ್ಣೇ.

ಮೂರು ವಾರಕ್ಕೆ ಅರಿಶಿನ ಬಳಿದ ಹಾಗೆ ಹಳದಿಯಾದಳು. ಕರಟದ ಒಳಗೆ ಮೇಲ್ಭಾಗಕ್ಕೆ ಅಂಟಿದ ಸುಮಾರು 60 ಕೆಂಪು ಮೊಟ್ಟೆ, ತನಗಿಂತ ಎಷ್ಟೋ ದೊಡ್ಡ ಗಂಡನ್ನು ಮೂಲೆಗೆ ಅಟ್ಟಿ ನಿಲ್ಲಿಸಿದ್ದಳು. ಮರಿ ಈಜಲು ಶುರುವಾದ ಮೇಲೆ ನೋಡಬೇಕು! ನಾನು ಗಾಜಿನ ಹತ್ತಿರ ಮುಖ ತಂದರೆ ಮೈ ಒಮ್ಮೆ ಜಾಡಿಸುತ್ತಾಳೆ, ಅಷ್ಟೂ ಮರಿ ಮರಳಿಗೆ ಬಿದ್ದು ಮಾಯ.

ಬೇಜಾರಾಗಿದ್ದು ಆರ್ಟೀಮಿಯಾ ಮೊಟ್ಟೆ, ಅಂದರೆ ಮೀನಿನ ಮರಿಗೆ ಊಟವಾಗಿ ಒಡೆಸುವ ಪುಟ್ಟ ಉಪ್ಪುನೀರು ಸೀಗಡಿಯ ಮೊಟ್ಟೆ. ಅದೇ ಅಂಗಡಿಯಲ್ಲಿ ಡಬ್ಬ ಒಡೆದು ಕವರಿಗೆ ಹಾಕಿ ಮಾರಿದ್ದು. ಉಪ್ಪುನೀರು, ಗಾಳಿ, ಬೆಳಕು ಎಲ್ಲ ಸರಿ ಇಟ್ಟು 36 ಗಂಟೆ ಕಾದರೂ ಒಡೆದಿದ್ದು ನಾಲ್ಕಾಣೆ ಪಾಲು. ತೇವ ಹೊಡೆದ ಮಾಲು ಅಂತ ಕಾಣುತ್ತದೆ. ಹೊಟ್ಟೆಗಿಲ್ಲದೆ ಮರಿ ಸತ್ತು 11 ಉಳಿದವು. ಮೀನಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಈ ಕವರಿಗೆ ಒಂದೂ ಜಾಸ್ತಿ. ಸೀಲ್ ಆದ ಡಬ್ಬವನ್ನೇ ತಗೊಳ್ಳಿ.

ಇನ್ನೊಂದು, ಮರಿ ಸಣ್ಣದಿದ್ದಾಗ ನೀರು ಬಿಸಿ ಇದ್ದಷ್ಟೂ ಗಂಡು ಜಾಸ್ತಿ ಆಗುತ್ತವೆ. ಅಂಗಡಿಯವರ ಮರಿ ಟ್ಯಾಂಕಿನ ಥರ್ಮಾಮೀಟರ್ 30 ತೋರಿಸುತ್ತಿತ್ತು, ನಾನು 26ರಲ್ಲಿ ಇಟ್ಟಿದ್ದೇನೆ. ಹೋದ ವಾರ ಇದನ್ನು ಹೇಳಿದರೆ ಹೀಟರ್ ಕಡೆ ನೋಡಲೂ ಇಲ್ಲ, "ನಿಮ್ಮಲ್ಲಿ ಹೆಣ್ಣು ಜಾಸ್ತಿ ಆದರೆ ನಮಗೇ ಕೊಡಿ ಸಾರ್" ಅಂದರು.