ಹಳೆಯ ಗೇಮ್‌ಗಳ ಮಿಡಿ ಸಂಗೀತ ಲಿನಕ್ಸ್‌ನಲ್ಲಿ: ಫ್ಲೂಯಿಡ್‌ಸಿಂತ್, ಟಿಮಿಡಿಟಿ, ಮಂಟ್ ಹೋಲಿಕೆ

ಮಿಡಿ ಫೈಲಿನಲ್ಲಿ ದನಿಯೇ ಇರುವುದಿಲ್ಲ. ಯಾವ ಚಾನೆಲ್, ಯಾವ ಸ್ವರ, ಎಷ್ಟು ಒತ್ತಡ, ಎಷ್ಟನೇ ನಂಬರಿನ ವಾದ್ಯ, ಇಷ್ಟೇ. ಡಾಸ್ ಕಾಲದಲ್ಲಿ ಅದನ್ನು ನುಡಿಸುತ್ತಿದ್ದದ್ದು ಸೌಂಡ್ ಕಾರ್ಡು ಅಥವಾ ಹೊರಗಿಂದ ಜೋಡಿಸಿದ ರೋಲ್ಯಾಂಡ್ ಪೆಟ್ಟಿಗೆ. ಈಗಿನ ಯಂತ್ರಗಳಲ್ಲಿ ಅಂಥ ಚಿಪ್ ಇಲ್ಲವಾದ್ದರಿಂದ ಸಾಫ್ಟ್‌ವೇರ್ ಸಿಂಥ್ ಬೇಕು, ಅಂದರೆ ಆ ಸೂಚನೆಗಳಿಂದ ದನಿ ಹುಟ್ಟಿಸುವ ಕಾರ್ಯಕ್ರಮ; ತಲೆಬರಹದ ಮೂರೂ ಅಂಥವೇ. ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಗೇಮಿನ ಸಂಗೀತವನ್ನು ಯಾವ ಪೆಟ್ಟಿಗೆಗಾಗಿ ಬರೆದಿದ್ದರು?

ಎಷ್ಟನೇ ನಂಬರಿಗೆ ಯಾವ ವಾದ್ಯ ಎಂದು ನಿಗದಿ ಮಾಡುವ ಜನರಲ್ ಮಿಡಿ ಮಾನದಂಡ ಬಂದದ್ದು 1991ರಲ್ಲಿ. ರೋಲ್ಯಾಂಡ್ ಎಸ್‌ಸಿ-55 ಕೂಡ ಅದೇ ವರ್ಷದ್ದು. ಅದರ ನಂತರದ ಗೇಮ್‌ಗಳಿಗೆ ಸಾಮಾನ್ಯವಾಗಿ ಫ್ಲೂಯಿಡ್‌ಸಿಂತ್ ಸಾಕು. ಟರ್ಮಿನಲ್‌ನಲ್ಲಿ ಇದನ್ನು ಶುರು ಮಾಡುವಾಗ ಮೂರು ಸಂಗತಿ ಹೇಳಬೇಕು: ದನಿ ಹೊರಹೋಗುವ ದಾರಿ (ಪಲ್ಸ್‌ಆಡಿಯೊ, ಅಥವಾ 2.3ರಿಂದ ಈಚಿನ ಆವೃತ್ತಿಗಳಲ್ಲಿ ನೇರವಾಗಿ ಪೈಪ್‌ವೈರ್), ಮಿಡಿ ಒಳಬರುವ ದಾರಿ (ಲಿನಕ್ಸ್‌ನ ದನಿ ವ್ಯವಸ್ಥೆ ಆಲ್ಸಾದ ಸೀಕ್ವೆನ್ಸರ್), ಮತ್ತು ಸೌಂಡ್‌ಫಾಂಟ್ (ವಾದ್ಯಗಳ ದನಿಮಾದರಿಗಳ ಸಂಗ್ರಹ) ಫೈಲಿನ ಪೂರ್ತಿ ವಿಳಾಸ. ಗೇನ್, ಅಂದರೆ ದನಿಯ ಮಟ್ಟ, ಪೂರ್ವನಿಗದಿಯಾಗಿ 0.2 ಮಾತ್ರ. ‘ಸಂಗೀತ ಕೇಳಿಸುತ್ತಿಲ್ಲ’ ಅನ್ನುವ ಎಷ್ಟೋ ದೂರುಗಳ ಮೂಲ ಇದೇ. 0.6ರಿಂದ 0.8ಕ್ಕೆ ಏರಿಸಿ. ಇನ್ನೂ ಏರಿಸಿದರೆ ತಾಳವಾದ್ಯಗಳು ಜೋರಾಗುವ ಕಡೆ ದನಿ ಒಡೆಯುತ್ತದೆ.

ಎರಡನೇ ತೊಂದರೆ ಮಿಡಿಯನ್ನು ಯಾವ ಸಿಂಥ್‌ಗೆ ಕಳಿಸಬೇಕೆಂದು ತಿಳಿಸುವ ಪೋರ್ಟ್ ಸಂಖ್ಯೆಯದು. ಸಾಮಾನ್ಯವಾಗಿ 128:0 ಸಿಗುತ್ತದೆ. ಇನ್ನೊಂದು ಸೀಕ್ವೆನ್ಸರ್ ಕಾರ್ಯಕ್ರಮ ಮೊದಲೇ ಎದ್ದಿದ್ದರೆ 129 ಆಗಬಹುದು. ಡಾಸ್ ಗೇಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್‌ನ ಸಂರಚನೆಯಲ್ಲಿ 128:0 ಎಂದು ಬರೆದಿಟ್ಟಿದ್ದರೆ ಆಗ ಪೂರ್ತಿ ಮೌನ, ದೋಷ ಎಲ್ಲಿದೆಯೆಂದೂ ತಿಳಿಯುವುದಿಲ್ಲ. ಎಪ್ಲೇಮಿಡಿ ಆಜ್ಞೆಗೆ ‘ಎಲ್’ ಆಯ್ಕೆ ಕೊಟ್ಟು ಪಟ್ಟಿ ನೋಡಿಕೊಂಡೇ ಮುಂದುವರಿಯಿರಿ. ಪಟ್ಟಿಯೇ ಬರದಿದ್ದರೆ ಕರ್ನೆಲ್‌ನ ಸೀಕ್ವೆನ್ಸರ್ ಮಾಡ್ಯೂಲ್ ಲೋಡ್ ಆಗಿಲ್ಲದಿರುವ ಸಾಧ್ಯತೆ ಹೆಚ್ಚು.

ಟಿಮಿಡಿಟಿ ಫ್ಲೂಯಿಡ್‌ಸಿಂತ್‌ಗಿಂತ ಹಳೆಯದು. ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿನ ಪ್ಯಾಚ್ ಫೈಲ್‌ಗಳನ್ನು ಓದುವುದು ಇದರ ನಿಜವಾದ ಬಲ; ಆ ಕಾರ್ಡಿನ ಗುಂಗೇ ಬೇಕೆನ್ನುವವರು ಇದನ್ನು ಬಿಡಬೇಕಿಲ್ಲ. ಮಿಡಿಯನ್ನು ವೇವ್ ಫೈಲ್ ಮಾಡುವುದಕ್ಕೂ ಸಲೀಸು. ಸೌಂಡ್‌ಫಾಂಟ್‌ಗಳನ್ನೂ ಓದುತ್ತದೆ, ಆದರೆ ಅರೆಬರೆ: ಸೌಂಡ್‌ಫಾಂಟ್ 2ರ ಮಾಡ್ಯುಲೇಟರ್‌ಗಳನ್ನು (ಒತ್ತಡ, ವಾಲ್ಯೂಮ್ ಮುಂತಾದವಕ್ಕೆ ತಕ್ಕಂತೆ ದನಿ ಬದಲಿಸುವ ನಿಯಮಗಳು) ಪೂರ್ತಿ ಪಾಲಿಸುವುದಿಲ್ಲ. ಮಾಡ್ಯುಲೇಟರ್‌ಗಳ ಮೇಲೇ ನಿಂತಿರುವ ಜನರಲ್‌ಯೂಸರ್ ಜಿಎಸ್‌ನಂಥ ಫಾಂಟನ್ನು ಇದಕ್ಕೆ ಕೊಟ್ಟರೆ ವಾದ್ಯಗಳ ಸಮತೋಲ ಕೆಡುತ್ತದೆ, ತಪ್ಪು ಫಾಂಟಿನದಲ್ಲ. ಸರ್ವರ್ ಆಗಿ ಓಡಿಸಿದಾಗ ಇದು ವಾದ್ಯಗಳನ್ನು ಬೇಕಾದ ಹೊತ್ತಿಗೆ ಲೋಡ್ ಮಾಡುವುದರಿಂದ ಗೇಮಿನ ಮಧ್ಯೆ ಹೊಸ ವಾದ್ಯ ಬಂದಾಗ ಮೊದಲ ಸ್ವರ ಮುಗ್ಗರಿಸಬಹುದು. ಡೆಬಿಯನ್ ಮೂಲದ ವಿತರಣೆಗಳಲ್ಲಿ ಹಿನ್ನೆಲೆಯಲ್ಲಿ ಓಡುವ ಟಿಮಿಡಿಟಿ ಡೀಮನ್ ಪೊಟ್ಟಣವನ್ನು ಹಾಕದಿರುವುದು ಲೇಸು. ಅದು ಬೇರೆ ಬಳಕೆದಾರನ ಹೆಸರಲ್ಲಿ ಓಡುತ್ತಾ ಆಡಿಯೊ ಸಾಧನಕ್ಕಾಗಿ ನಿಮ್ಮ ಡೆಸ್ಕ್‌ಟಾಪಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಗ್ರಾವಿಸ್ ಗುಂಗು ಬೇಕಿಲ್ಲದಿದ್ದರೆ, ಗೇಮ್ ಆಡುವುದಕ್ಕೆ ಫ್ಲೂಯಿಡ್‌ಸಿಂತ್ ಇರುವಾಗ ಟಿಮಿಡಿಟಿಯನ್ನು ಆಯ್ದುಕೊಳ್ಳಲು ಕಾರಣ ಕಾಣುವುದಿಲ್ಲ.

ಮಂಟ್ ಕಥೆಯೇ ಬೇರೆ. ಇದು 1987ರ ರೋಲ್ಯಾಂಡ್ ಎಂಟಿ-32ರ ಎಮ್ಯುಲೇಟರ್, ಸೌಂಡ್‌ಫಾಂಟ್ ಇದಕ್ಕೆ ಬೇಡ. ಎಂಟಿ-32ರ ವಾದ್ಯಕ್ರಮ ಜನರಲ್ ಮಿಡಿಯದಲ್ಲ. ಅದಕ್ಕಿಂತ ಮುಖ್ಯವಾಗಿ, 1980ರ ದಶಕದ ಕೊನೆಯ ಎಷ್ಟೋ ಸಾಹಸ ಗೇಮ್‌ಗಳು ಶುರುವಿನಲ್ಲೇ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಸಂದೇಶಗಳ (ಒಂದು ನಿರ್ದಿಷ್ಟ ಪೆಟ್ಟಿಗೆಗಷ್ಟೇ ಅರ್ಥವಾಗುವ ಮಿಡಿ ಸಂದೇಶಗಳು) ಮೂಲಕ ತಮ್ಮದೇ ದನಿಗಳನ್ನು ಅದರೊಳಗೆ ತುಂಬುತ್ತಿದ್ದವು. ಎಷ್ಟೇ ದುಬಾರಿ ಸೌಂಡ್‌ಫಾಂಟ್ ಇದ್ದರೂ ಆ ದನಿಗಳು ಹುಟ್ಟುವುದಿಲ್ಲ. ಬಾಗಿಲು ಬಡಿಯುವ ಸದ್ದಿನ ಜಾಗದಲ್ಲಿ ಪಿಯಾನೊ ಕೇಳಿಸಬಹುದು. ಉಲ್ಟಾ ಮಾಡಿದರೂ ಅಷ್ಟೇ: ಎಂಟಿ-32 ಪೂರ್ವನಿಗದಿಯಲ್ಲಿ 2ರಿಂದ 10ರವರೆಗಿನ ಚಾನೆಲ್‌ಗಳನ್ನಷ್ಟೇ ಆಲಿಸುವುದರಿಂದ ಜನರಲ್ ಮಿಡಿ ಫೈಲಿನ 1ನೇ ಚಾನೆಲ್ ಮಾಯ. ಮಂಟ್‌ಗೆ ಎರಡು ರಾಮ್ (ROM, ಮೂಲ ಪೆಟ್ಟಿಗೆಯ ಶಾಶ್ವತ ಮೆಮೊರಿಯ ಪ್ರತಿ) ಫೈಲ್ ಬೇಕು, 64 ಕೆಬಿ ಕಂಟ್ರೋಲ್ ರಾಮ್ ಮತ್ತು 512 ಕೆಬಿ ಪಿಸಿಎಂ ರಾಮ್. ಕೃತಿಸ್ವಾಮ್ಯ ರೋಲ್ಯಾಂಡಿನದಾದ್ದರಿಂದ ವಿತರಣೆಗಳು ಇವನ್ನು ಕೊಡುವುದಿಲ್ಲ. ಎಂಟಿ-32ರ ಸೋದರ ಪೆಟ್ಟಿಗೆ ಸಿಎಂ-32ಎಲ್‌ನ ರಾಮ್ ಹಾಕಿದರೆ 33 ಹೆಚ್ಚುವರಿ ಸೌಂಡ್ ಎಫೆಕ್ಟ್‌ಗಳು ಸಿಗುತ್ತವೆ, ಅವನ್ನೇ ನೆಚ್ಚಿದ ಗೇಮ್‌ಗಳೂ ಇವೆ.

ಇನ್ನು ಸೌಂಡ್‌ಫಾಂಟ್. ಟಿಮ್‌ಜಿಎಂ6ಎಂಬಿ ಸುಮಾರು 6 ಎಂಬಿ, ಜನರಲ್‌ಯೂಸರ್ ಜಿಎಸ್ ಸುಮಾರು 30, ಫ್ಲೂಯಿಡ್ ಆರ್3 ಸುಮಾರು 140. ದೊಡ್ಡದೇ ಒಳ್ಳೆಯದೆಂದು ಕಣ್ಣು ಮುಚ್ಚಿ ಫ್ಲೂಯಿಡ್ ಆರ್3 ಹಾಕಿಕೊಳ್ಳುವವರೇ ಜಾಸ್ತಿ. ಅದರ ಪಿಯಾನೊ, ತಂತಿವಾದ್ಯಗಳು ಬಿಡಿಯಾಗಿ ಕೇಳಿದರೆ ಸೊಗಸು. ಆದರೆ ಗೇಮ್ ಸಂಯೋಜಕರು ಒಂದು ವಾದ್ಯಕ್ಕೆ 90, ಇನ್ನೊಂದಕ್ಕೆ 70 ಎಂದು ವಾಲ್ಯೂಮ್ ಕೊಟ್ಟದ್ದು ಎದುರಿಗಿದ್ದ ಪೆಟ್ಟಿಗೆಯನ್ನು ಕೇಳಿಸಿಕೊಂಡು. ವಾದ್ಯಗಳ ನಡುವಿನ ಆ ಅನುಪಾತ ತಪ್ಪಿದರೆ ಗಿಟಾರ್ ಹಿಂದೆ ಸರಿದು ಡ್ರಮ್ಸ್ ಮುಂದೆ ನುಗ್ಗುತ್ತದೆ. ಅನುಪಾತದಲ್ಲಿ ಜನರಲ್‌ಯೂಸರ್ ಜಿಎಸ್ ಗೆಲ್ಲುತ್ತದೆ. ಜಿಎಸ್ (ಜನರಲ್ ಮಿಡಿಗೆ ರೋಲ್ಯಾಂಡ್ ಮಾಡಿದ ವಿಸ್ತರಣೆ) ಬ್ಯಾಂಕುಗಳ ಉಪವಾದ್ಯಗಳೂ ಅದರಲ್ಲಿವೆ. ಹಳೆಯ ಯಂತ್ರಕ್ಕೆ ಟಿಮ್‌ಜಿಎಂ ಸಾಕು, ಕೊಂಚ ತೆಳು ಅಷ್ಟೆ. ಫ್ಲೂಯಿಡ್‌ಸಿಂತ್ ಪೂರ್ವನಿಗದಿಯಲ್ಲಿ ಇಡೀ ಫಾಂಟನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ ಅನ್ನುವುದು ನೆನಪಿರಲಿ.

ಇದೆಲ್ಲ ತಂತಿ ಜೋಡಿಸುವ ಗೋಜು ಬೇಡವೆಂದರೆ ಸ್ಕಮ್‌ವಿಎಂ (ಹಳೆಯ ಸಾಹಸ ಗೇಮ್‌ಗಳನ್ನು ಓಡಿಸುವ ಕಾರ್ಯಕ್ರಮ) ಮತ್ತು ಡಾಸ್‌ಬಾಕ್ಸ್ ಸ್ಟೇಜಿಂಗ್ (ಡಾಸ್‌ಬಾಕ್ಸ್‌ನ ಹೊಸ ಕವಲು) ಎರಡರಲ್ಲೂ ಫ್ಲೂಯಿಡ್‌ಸಿಂತ್ ಮತ್ತು ಮಂಟ್ ಒಳಗೇ ಬರುತ್ತವೆ. ಪೋರ್ಟ್ ಸಂಖ್ಯೆಯ ತಲೆನೋವೇ ಇಲ್ಲ. ಡಾಸ್‌ಬಾಕ್ಸ್‌ನಲ್ಲಾದರೆ ಗೇಮಿನ ಸೆಟಪ್‌ನಲ್ಲಿ ಸಂಗೀತಕ್ಕೆ ‘ಜನರಲ್ ಮಿಡಿ’ (ಮಂಟ್ ಬಳಸುವುದಾದರೆ ‘ಎಂಟಿ-32’), ಪೋರ್ಟ್ 330 (ಇದು ಡಾಸ್ ಗೇಮ್ ಬಳಸುವ ವಿಳಾಸ, ಮೇಲೆ ಹೇಳಿದ 128:0 ಅಲ್ಲ) ಎಂದು ಆರಿಸುವುದು ಮಾತ್ರ ನಿಮ್ಮ ಕೆಲಸವೇ. ಸೌಂಡ್ ಬ್ಲಾಸ್ಟರ್ ಎಂದು ಬಿಟ್ಟಿದ್ದರೆ ಎಫ್‌ಎಂ ಚಿಪ್ಪಿನ ಸಂಗೀತವೇ ಬರುತ್ತದೆ, ಸೌಂಡ್‌ಫಾಂಟ್ ಸುಮ್ಮನೆ ಕೂತಿರುತ್ತದೆ.

ಹೊರಗಿನ ಫ್ಲೂಯಿಡ್‌ಸಿಂತ್ ಬಳಸುವವರು ಗೇಮನ್ನು ಬಲವಂತವಾಗಿ ಮುಚ್ಚಿದರೆ ಕೊನೆಯ ಸ್ವರ ಎಳೆಯುತ್ತಲೇ ಇರುತ್ತದೆ, ಏಕೆಂದರೆ ಅದನ್ನು ನಿಲ್ಲಿಸುವ ಸಂದೇಶ ಹೋಗಿಯೇ ಇಲ್ಲ. ಅದರ ಶೆಲ್‌ನಲ್ಲಿ ‘ರೀಸೆಟ್’ ಆಜ್ಞೆ ಕೊಟ್ಟರೆ ಸಾಕು, ಸಿಂಥ್ ಮರುಶುರು ಮಾಡಬೇಕಿಲ್ಲ.