ಹಾರುವ ಬಸ್ಸಿಗೆ ಕೊಂಡ ಗ್ವಾಶ್ ಬಣ್ಣ
ಬಾಲ್ಯದಲ್ಲಿ ಅಜ್ಜನೊಡನೆ ಶಿರಸಿಯಿಂದ ದೇವಿಮನೆ ಘಟ್ಟವಿಳಿದು, ಕುಮಟಾ ದಾಟಿ ಕಾರವಾರಕ್ಕೆ ಬರುತ್ತಿದ್ದ ನೆನಪಿನಿಂದ, ಯಾಣದ ಕರಿಬಂಡೆಗಳ ನಡುವಿನಿಂದ ಕೆಂಪು ಬಸ್ಸೊಂದು ರೆಕ್ಕೆ ಬಿಚ್ಚಿ ಕಾಳಿ ನದಿಯತ್ತ ಹಾರುವ ಚಿತ್ರವನ್ನು ಬರೆಯಲು, ಕಾರವಾರದ ಪೇಟೆಯಲ್ಲಿ 12 ಟ್ಯೂಬುಗಳ ಗ್ವಾಶ್ ಎಂಬ ನೀರಿನಲ್ಲಿ ಕಲಸುವ ಬಣ್ಣದ ಪೆಟ್ಟಿಗೆಯನ್ನೂ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನೂ ಕೊಂಡೆ. ಈ ಬಣ್ಣವು ಸಾಮಾನ್ಯ ಜಲವರ್ಣದಂತೆ ಪಾರದರ್ಶಕವಾಗಿರದೆ ಅಡಿಯ ಬಣ್ಣವನ್ನು ಮುಚ್ಚುವ ಕಾರಣ ಕಪ್ಪು ಬಂಡೆಯ ಮೇಲೂ ಬಿಳಿ ಮಂಜನ್ನು ಹಚ್ಚಬಹುದು. ಕನಸಿನ ಲೋಕಕ್ಕೆ ಹೇಳಿ ಮಾಡಿಸಿದಂತಿದೆ. ತಿಳಿ ಬಣ್ಣಗಳು ಒಣಗಿದಾಗ ತುಸು ಗಾಢವಾಗುವುದರಿಂದ ಮೊದಲು ತುಂಡು ಕಾಗದದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಆಷಾಢದ ತೇವದಲ್ಲಿ ಮೊದಲ ಲೇಪ ಒಣಗುವ ಮುನ್ನವೇ ಎರಡನೆಯದನ್ನು ಹಚ್ಚಿದ್ದರಿಂದ ನನ್ನ ಸಮುದ್ರ ಕೆಸರಾಯಿತು. ಅದು ಬಣ್ಣದ ದೋಷವಲ್ಲ. ಕೆಂಪು ಮಾತ್ರ ಪೇಲವವಾಗಿದ್ದು, ಸಾರಿಗೆ ಬಸ್ಸಿನ ಕೆಂಪು ಕೊನೆಗೂ ಬರಲಿಲ್ಲ. ಬಿಳಿಯ ಟ್ಯೂಬಂತೂ ಅರ್ಧ ಚಿತ್ರಕ್ಕೇ ಬರಿದಾಯಿತು.