ಕಿಡ್ನಿ ಕಲ್ಲು: ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ – ಯಾವುದನ್ನು ಎಷ್ಟು ನಂಬಬಹುದು?

ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಸುವ ಮೂತ್ರನಾಳದ ಕೆಳತುದಿಯಲ್ಲಿ ಸಿಕ್ಕಿಕೊಂಡ 4 ಮಿ.ಮೀ. ಕಲ್ಲು ಎಂದಿಟ್ಟುಕೊಳ್ಳಿ. ಮೂರೂ ವಿಧಾನಗಳಲ್ಲಿ ಹುಡುಕಿದರೆ ಮೂರು ಬಗೆಯ ರಿಪೋರ್ಟ್ ಬರಬಹುದು.

ಮೂರರಲ್ಲಿ ಎಕ್ಸ್‌ರೇಯೇ ತೀರಾ ದುರ್ಬಲ. ಕ್ಯಾಲ್ಸಿಯಂ ಕಲ್ಲು ಬಿಳಿಯಾಗಿ ಕಂಡರೂ ಯೂರಿಕ್ ಆಸಿಡ್ ಕಲ್ಲು ಕಾಣುವುದೇ ಇಲ್ಲ. ಕರುಳಿನ ಗ್ಯಾಸ್, ಸೊಂಟದ ಮೂಳೆ ಎರಡೂ ಅಡ್ಡ ಬರುತ್ತವೆ. ಸಾಲದ್ದಕ್ಕೆ, ಕಿಬ್ಬೊಟ್ಟೆಯ ರಕ್ತನಾಳಗಳಲ್ಲಿ ಗಟ್ಟಿಗಟ್ಟಿದ ಸುಣ್ಣದ ಚುಕ್ಕೆಗಳು ಥೇಟ್ ಕಲ್ಲಿನಂತೆಯೇ ತೋರುತ್ತವೆ. ಒಮ್ಮೆ ಕಂಡ ಕಲ್ಲು ಎಷ್ಟು ಕೆಳಗಿಳಿಯಿತು ಎಂದು ನೋಡಲು ಮಾತ್ರ ಇದು ಒಳ್ಳೆಯದು.

ಅಲ್ಟ್ರಾಸೌಂಡ್ ನಿಂತಿರುವುದು ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಉಪಕರಣ) ಹಿಡಿದ ಕೈಯ ಮೇಲೆ. ಕಿಡ್ನಿಯೊಳಗಿನ ದೊಡ್ಡ ಕಲ್ಲು ಹೊಳೆಯುವ ಚುಕ್ಕೆಯಾಗಿ, ಹಿಂದೆ ಕಪ್ಪು ನೆರಳು ಬಿಟ್ಟು ಕಾಣುತ್ತದೆ. ಸಣ್ಣದಕ್ಕೆ ನೆರಳು ಬೀಳದೇ ಇರಬಹುದು. ಆಗ ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್) ಹಾಕಿದರೆ ಎಷ್ಟೋ ಬಾರಿ ಕಲ್ಲಿನ ಹಿಂದೆ ಬಣ್ಣಗಳು ಮಿನುಗುತ್ತವೆ. ಮೂತ್ರನಾಳದ ನಡುಭಾಗ ಗ್ಯಾಸಿನ ಹಿಂದೆ ಅಡಗಿರುತ್ತದೆ, ಅಲ್ಲಿನ ಕಲ್ಲು ಸುಲಭವಾಗಿ ತಪ್ಪಿಹೋಗುತ್ತದೆ. ಕೆಳತುದಿ ಕಾಣಬೇಕಾದರೆ ಮೂತ್ರಕೋಶ ತುಂಬಿರಲೇಬೇಕು. ಕಲ್ಲು ಮೂತ್ರವನ್ನು ತಡೆದರೆ ಕಿಡ್ನಿ ಊದುತ್ತದೆ. ಆದರೆ ಮೂತ್ರಕೋಶ ವಿಪರೀತ ತುಂಬಿದ್ದರೆ ಅದರಿಂದಲೂ ಕಿಡ್ನಿ ತುಸು ಊದಿದಂತೆ ತೋರಬಹುದು. ಮೂತ್ರ ಮಾಡಿಸಿ ಮತ್ತೊಮ್ಮೆ ನೋಡದೆ ‘ಊತ ಇದೆ’ ಎಂದು ಬರೆಯಬಾರದು. ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಊತವೇ ಬಂದಿರದಿರಬಹುದು. ಹಾಗಾಗಿ ‘ಕಲ್ಲು ಕಂಡಿಲ್ಲ’ ಎಂಬ ರಿಪೋರ್ಟನ್ನು ‘ಕಲ್ಲಿಲ್ಲ’ ಎಂದು ಓದಿಕೊಳ್ಳಬೇಡಿ. ಅಳತೆಯೂ ಹಿಗ್ಗುತ್ತದೆ, ಅದರಲ್ಲೂ 5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ.

ಡೈ (ಅಂಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಹಾಕದ ಸಿಟಿ 100ರಲ್ಲಿ 95ಕ್ಕೂ ಹೆಚ್ಚು ಕಲ್ಲುಗಳನ್ನು ಹಿಡಿಯುತ್ತದೆ, ಯೂರಿಕ್ ಆಸಿಡ್ ಕಲ್ಲನ್ನೂ ಬಿಡುವುದಿಲ್ಲ. ಎಚ್‌ಐವಿಗೆ ಕೊಡುತ್ತಿದ್ದ ಇಂಡಿನಾವಿರ್ ಮಾತ್ರೆಯಿಂದಾಗುವ ಕಲ್ಲು ಅಪರೂಪದ ಅಪವಾದ. ಡೈ ಹಾಕಿಬಿಟ್ಟರೆ, ಅದು ಮೂತ್ರದಲ್ಲಿ ಇಳಿಯುವಾಗ ತಾನೂ ಬಿಳಿಯಾಗಿ ಕಲ್ಲನ್ನು ಮುಚ್ಚಿಹಾಕುತ್ತದೆ. ಸಿಟಿ ದೇಹವನ್ನು ಪದರ ಪದರವಾಗಿ, ಅಂದರೆ ಸ್ಲೈಸ್‌ಗಳಾಗಿ ತೋರಿಸುತ್ತದೆ. 5 ಮಿ.ಮೀ. ದಪ್ಪದ ಸ್ಲೈಸ್‌ಗಳಲ್ಲಿ ಪುಟ್ಟ ಕಲ್ಲು ಮಸುಕಾಗಿಬಿಡುವುದರಿಂದ 3 ಮಿ.ಮೀ. ಅಥವಾ ಅದಕ್ಕೂ ತೆಳುವಾದವು ಬೇಕು. ಉದ್ದ ಅಳೆಯಲು ಅಡ್ಡ ಸ್ಲೈಸ್ ಸಾಲದು, ಮುಂದಿನಿಂದ ನೋಡಿದಂತಿರುವ ಕರೋನಲ್ ಚಿತ್ರದಲ್ಲೂ ಅಳೆಯಬೇಕು. ಕಲ್ಲು ಮೂತ್ರನಾಳದ ಬಾಯಲ್ಲೇ ಸಿಕ್ಕಿಕೊಂಡಿದೆಯೋ, ಮೂತ್ರಕೋಶಕ್ಕೆ ಬಿದ್ದಾಗಿದೆಯೋ ಎಂಬ ಅನುಮಾನಕ್ಕೆ ಬೋರಲು ಮಲಗಿಸಿ ತೆಗೆದರೆ ಉತ್ತರ ಸಿಗುತ್ತದೆ: ಬಿದ್ದ ಕಲ್ಲು ಜಾರಿ ಮುಂದಕ್ಕೆ ಬರುತ್ತದೆ.

ಬೆಲೆ ತೆರಬೇಕಾದದ್ದು ವಿಕಿರಣದಲ್ಲಿ. ಮಾಮೂಲಿ ಸಿಟಿಗೆ ಸುಮಾರು 10 ಮಿಲಿಸೀವರ್ಟ್ ಆದರೆ ಕಡಿಮೆ ಡೋಸಿನದಕ್ಕೆ 3ರ ಆಸುಪಾಸು. ತೀರಾ ಸ್ಥೂಲ ದೇಹದವರಲ್ಲಿ ಮಾತ್ರ ಇದರ ಚಿತ್ರ ಮಸುಕಾಗುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡೇ ಸರಿ. ಉಳಿದವರಿಗೂ ಅದರಿಂದಲೇ ಶುರುಮಾಡಬಹುದು. ಆದರೆ ಜ್ವರ ಬಂದಿದ್ದರೆ, ಇರುವುದು ಒಂದೇ ಕಿಡ್ನಿಯಾದರೆ, ಔಷಧಿಗೂ ನೋವು ಬಗ್ಗದಿದ್ದರೆ ಸಿಟಿಗೆ ತಡಮಾಡಬಾರದು.

ಮರುತಪಾಸಣೆಗೆ ಹೋದಾಗ ಹಳೆಯ ಫಿಲ್ಮ್ ಜೊತೆಗಿರಲಿ. ಅಲ್ಟ್ರಾಸೌಂಡಿನ 6ನ್ನು ಹಿಂದಿನ ಸಿಟಿಯ 4ರ ಪಕ್ಕದಲ್ಲಿಟ್ಟು ಕಲ್ಲು ಬೆಳೆದಿದೆ ಎನ್ನಲಾಗದು.